ಯಾವ ಕಾಲು ಮುಂದೆ?

ಫೇರ್ಲಿ
ಮೇ 9, 1993

ಪ್ರೀತಿಯ ರೇವಿನ್,

ನಿನ್ನ ಪತ್ರ ಗುರುವಾರ ಕೈಸೇರಿತು. ಗೇಟಿನ ಹತ್ತಿರ ಟಪಾಲು ಡಬ್ಬಿಯ ಪಕ್ಕದಲ್ಲೇ ನಿಂತು ಓದಿದೆ. ಆಮೇಲೆ ಒಳಗೆ ಬಂದು ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಬಂದು ಕೂತು, "ಕಾರಿನ ಹೀಟರ್ ಕೆಟ್ಟಿರೋದನ್ನ ಇನ್ನೊಂದ್ಸಲ ಓದು" ಅಂದಳು. ಎರಡು ವರ್ಷದಿಂದ ಹುಟ್ಟುಹಬ್ಬಕ್ಕೂ ಕ್ರಿಸ್ಮಸ್ಸಿಗೂ ಬರೀ ಹೆಸರು ಬರೆದ ಕಾರ್ಡು ಬರುತ್ತಿತ್ತು. ಈಗ ಎರಡು ಹಾಳೆ, ಎರಡೂ ಬದಿ. ಮಗಳ ಕಾರಿನ ಹೀಟರ್ ಕೆಟ್ಟಿದ್ದಕ್ಕೆ ಇಷ್ಟು ಖುಷಿಪಟ್ಟ ಅಪ್ಪ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಇಲ್ಲಿಯ ಸುದ್ದಿ ಹೇಳುವಂಥದ್ದೇನೂ ಇಲ್ಲ. ವಾರವಿಡೀ ಗ್ರೇಡರ್ ಓಡಿಸಿಕೊಂಡು ಊರ ಜಲ್ಲಿ ರಸ್ತೆಗಳನ್ನು ಸಮ ಮಾಡುವುದು, ಶನಿವಾರ ಬಂದರೆ ನಮ್ಮ ಸ್ಕೀ ಕ್ಲಬ್ಬಿನ ಟೂಮಿ ಗುಡ್ಡದ ರಸ್ತೆ. ಹೋದ ವಾರ ಕ್ಲಬ್ಬಿನ ಶ್ರಮದಾನ ಇತ್ತು. ಛತ್ರದಂಥ ನಮ್ಮ ಗುಡಿಸಲಿಗೆ ಬಣ್ಣ ಬಳಿದರು. ಬಳಿದದ್ದಕ್ಕಿಂತ ಮೈಮೇಲೆ ಚೆಲ್ಲಿಕೊಂಡದ್ದೇ ಹೆಚ್ಚು. ಮೇಲೆಳೆಯುವ ಹಗ್ಗಕ್ಕೆ ಹೊಸ ಗಾಲಿಗಳನ್ನು ಹಾಕಿದ್ದೇವೆ. ಹಗ್ಗಕ್ಕೆ ಹೊಸದೇನು ಬಂದರೂ ಹಗ್ಗದ ಉಸ್ತುವಾರಿಯೇ ಮೊದಲು ಹತ್ತಬೇಕೆಂಬ ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಹಿಮ ಬಿದ್ದ ದಿನ ಸೊಂಟಕ್ಕೆ ಪಟ್ಟಿ ಬಿಗಿದು, ಪಟ್ಟಿಯ ತುದಿಯ ಕಬ್ಬಿಣದ ಅಡಕತ್ತರಿಯನ್ನು ಓಡುವ ಹಗ್ಗಕ್ಕೆ ಕಚ್ಚಿಸಿ, ಈ ಐವತ್ತೆಂಟರ ಮುದುಕ ಮೊದಲು ಹೊರಡಬೇಕು.

ಎರಡು ವರ್ಷದ ಹಿಂದಿನ ಕ್ಲಬ್ ಸಭೆಯ ವಿಷಯ ನೀನು ಎತ್ತಿಲ್ಲ. ನಾನೂ ಎಳೆದಾಡುವುದಿಲ್ಲ. ಒಂದೇ ಹಲಗೆಯ ಮೇಲೆ ಅಡ್ಡ ನಿಂತು ಜಾರುವ ಸ್ನೋಬೋರ್ಡಿನವರಿಗೆ ಹಗ್ಗ ಬೇಡ ಅಂತ ನಾನು ಎದ್ದು ಹೇಳಿದೆ. ನೀನು ಎದ್ದು, ನಿನ್ನ ಟೀ ಕಪ್ಪು ತೊಳೆದಿಟ್ಟು, ಹೊರಟುಹೋದೆ. ಬೋರ್ಡಿನ ಮೇಲೆ ಹಗ್ಗಕ್ಕೆ ಬೆನ್ನು ಹಾಕಿ ಹೋಗುತ್ತಿದ್ದ, ಟಿಮರೂ ಊರಿನ ಆ ಹುಡುಗನ ಜಾಕೀಟು ಗಾಲಿಗೆ ಸಿಕ್ಕಿದ್ದನ್ನು ನಾನು ಕಣ್ಣಾರೆ ಕಂಡವನು. ಹಗ್ಗ ತಾನಾಗಿ ನಿಂತಾಗ ಅವನ ಭುಜಕ್ಕೂ ಗಾಲಿಗೂ ನಡುವೆ ಒಂದು ಗೇಣು ಇರಲಿಲ್ಲ. ಅದು ಕಣ್ಣಿಂದ ಹೋಗುವುದಿಲ್ಲ.

ಜೂನಿಗೆ ಶುರುವಾಗುವ ಈ ಚಳಿಗಾಲದಲ್ಲಿ ಒಂದು ದಿನ ನೀನು ನಮ್ಮ ಗುಡ್ಡಕ್ಕೆ ಬರಬೇಕು. ನನಗಿರುವ ಆಸೆ ಇದೊಂದೇ.

ನಿನ್ನ ಅಪ್ಪ
ಆಲೆಕ್


ಒಮರೂ
ಮೇ 23, 1993

ಅಪ್ಪಾ,

ನಿನ್ನ ಅಕ್ಷರ ನೋಡಿ ಎಷ್ಟು ದಿನ ಆಗಿತ್ತು. ಗ್ರೇಡರ್ ಓಡಿಸುತ್ತಾ ಬರೆದ ಹಾಗೆ ಈಗಲೂ ಒಂದೇ ಕಡೆ ವಾಲಿದೆ. ಮೊದಲ ಪತ್ರ ಡಬ್ಬಿಗೆ ಹಾಕಿದ ಮೇಲೆ ಕೈಹಾಕಿ ವಾಪಸ್ ತೆಗೆಯಲು ನೋಡಿದ್ದೆ, ಕೈ ಹಿಡಿಸಲಿಲ್ಲ. ಹಿಡಿಸದೆ ಇದ್ದದ್ದೇ ಒಳ್ಳೆಯದಾಯಿತು.

ನಾನು ಚೆನ್ನಾಗಿದ್ದೇನೆ. ಶಾಲೆಯ ಮಕ್ಕಳ ಹಲ್ಲು ನೋಡುವ ಕೆಲಸ ಹಾಗೆಯೇ ನಡೆದಿದೆ. ನನ್ನ ಕೋಣೆಗೆ ಅವರು ಇಟ್ಟ ಹೆಸರು ಇನ್ನೂ "ಕೊಲೆಮನೆ"ಯೇ. ಮೊನ್ನೆ ಒಬ್ಬಳು ಬಾಯಿ ಬಿಡುವ ಮೊದಲು, "ಮಿಸ್, ನಿಮ್ ಹಲ್ಲು ಮೊದ್ಲು ತೋರ್ಸಿ" ಅಂದಳು. ತೋರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ.

ಚಳಿಗಾಲದ ಶನಿವಾರ ಬಂದರೆ ನಾನೂ ನನ್ನ ಹಳದಿ ಡಾಟ್ಸನ್ ಕಾರೂ ಬೆಳಕು ಹರಿಯುವ ಮೊದಲೇ ಹೊರಡುತ್ತೇವೆ. ದಾರಿಯಲ್ಲಿ ಸಿಗುವ ಕುರೋ ಊರಲ್ಲಿ ಮಾಂಸ ತುಂಬಿದ ಒಂದು ಬಿಸಿ ಪೈ. ಹೀಟರ್ ಇಲ್ಲದ್ದರಿಂದ ಅದನ್ನು ಮೊದಲು ಕೈಗೆ, ಆಮೇಲೆ ಹೊಟ್ಟೆಗೆ. ಓಮರಾಮಾ ಕಡೆಯ ಗುಡ್ಡ ಒಂದು ವಾರ, ಟೆಕಾಪೊ ಕಡೆಯದು ಇನ್ನೊಂದು ವಾರ. ಒಂದು ತಮಾಷೆ ಕೇಳು. ಎಲ್ಲಿಗೆ ಹೋದರೂ ರಸ್ತೆ ನೋಡಿಕೊಳ್ಳುವವರು ಬಂದು, ಹಿಮದಲ್ಲಿ ಜಾರದಿರಲಿ ಅಂತ ಹಾಕಿದ ನನ್ನ ಟಯರಿನ ಸರಪಳಿಯನ್ನು ಎಳೆದು ನೋಡಿಯೇ ಬಿಡುತ್ತಾರೆ. ಹಿಂದೆ ಮುಂದೆ ಇರುವ ಕಾರುಗಳನ್ನು ಯಾರೂ ಕೇಳುವುದಿಲ್ಲ. ನನ್ನ ಮುಖ ನೋಡಿದರೆ ಸರಪಳಿ ಹಾಕಲು ಬಾರದವಳ ಹಾಗೆ ಕಾಣುತ್ತೇನೋ ಏನೋ. ಆರನೇ ವಯಸ್ಸಿನಿಂದ ನಿನ್ನ ಟ್ರಕ್ಕಿಗೆ ಹಾಕಿ ಕಲಿತವಳು ನಾನು ಅಂತ ಹೇಳಬೇಕೆನಿಸುತ್ತದೆ.

ಹೋದ ವರ್ಷ ಒಬ್ಬಾತ ತನ್ನ ಕಾರ್ವಿಂಗ್ ಬೋರ್ಡನ್ನು ಒಂದು ದಿನಕ್ಕೆ ಕೊಟ್ಟಿದ್ದ. ಅಪ್ಪಾ, ಅದು ನೀನು ನೋಡಿದ ಬೋರ್ಡಲ್ಲ. ಉದ್ದ, ಕಿರಿದು, ಬಿಗಿ. ಮೆತ್ತನೆಯ ಬೂಟಿಲ್ಲ, ನಿನ್ನ ಸ್ಕೀ ಬೂಟಿನಂಥದ್ದೇ ಗಟ್ಟಿ ಬೂಟು. ಪಕ್ಕಕ್ಕೆ ಜಾರುವುದೇ ಇಲ್ಲ. ಅಂಚಿನ ಮೇಲೆ ವಾಲಿದರೆ ಕುಡುಗೋಲಿನಲ್ಲಿ ಕೊಯ್ದ ಹಾಗೆ ಒಂದೇ ಗೆರೆ ಬೀಳುತ್ತದೆ. ಹಿಂದಿರುಗಿ ನನ್ನ ಗೆರೆ ನೋಡಿ, ಇದನ್ನು ನೀನು ನೋಡಬೇಕಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

ಈಗ ಒಂದು ಕೊಳ್ಳಬೇಕು. ಉದ್ದದ್ದು ತೆಗೆದುಕೊಂಡರೆ ಅಗಲ ಇಳಿಜಾರಿನಲ್ಲಿ ಸ್ವರ್ಗ, ಜನ ತುಂಬಿದ ಕಡೆ ಪೀಕಲಾಟ. ಗಿಡ್ಡದ್ದು ಮಾತು ಕೇಳುತ್ತದೆ, ಆದರೆ ವೇಗಕ್ಕೆ ನಡುಗುತ್ತದೆ. ಲಿಟಲ್ಟನ್ನಿನಲ್ಲಿ ಹೇಮಿ ಅಂತ ಒಬ್ಬ ದೋಣಿ ಕಟ್ಟುವವನು ಕೈಯಲ್ಲೇ ಮಾಡಿಕೊಡುತ್ತಾನಂತೆ, ಒಬ್ಬೊಬ್ಬರ ಅಳತೆಗೆ. ನೋಡಿದರೆ ಬಿಡಲು ಮನಸ್ಸು ಬರುವುದಿಲ್ಲ. ಇನ್ನೂ ಯೋಚಿಸುತ್ತಿದ್ದೇನೆ.

ಟೂಮಿಗೆ ಬರುವುದಿಲ್ಲ ಅಪ್ಪಾ. ಕೋಪಕ್ಕಲ್ಲ. ಹಗ್ಗ ಮುಟ್ಟಲು ಬಿಡದ ಕಡೆ ಬಂದು ಕಾರಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನಲೇ? ಅವತ್ತು ಎದ್ದು ನಿಲ್ಲುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಾನು ಮೂರನೇ ಸಾಲಿನಲ್ಲೇ ಇದ್ದೆ.

ಅಮ್ಮನಿಗೆ ಮುತ್ತು.
ರೇ


ಫೇರ್ಲಿ
ಮೇ 30, 1993

ಶ್ರೀ ಹೇಮಿ ಅವರಿಗೆ,

ನನ್ನ ಹೆಸರು ಆಲೆಕ್ ಡನೇಜ್. ನೀವು ಕಾರ್ವಿಂಗ್ ಸ್ನೋಬೋರ್ಡ್ ಮಾಡುತ್ತೀರೆಂದು ಮಗಳು ಬರೆದಿದ್ದಳು. ಅವಳಿಗೊಂದು ಮಾಡಿಕೊಡಬೇಕು. ಅವಳಿಗೆ ತಿಳಿಯಬಾರದು, ಒಂದೇ ಸಲ ಬಿಚ್ಚಿ ನೋಡಿ ಬೆರಗಾಗಬೇಕು.

ನನಗೆ ಈ ಬೋರ್ಡುಗಳ ಗಂಧಗಾಳಿ ಇಲ್ಲ. ನಲವತ್ತು ವರ್ಷದಿಂದ ಸ್ಕೀ ಮಾಡುವವನು. ಹೇಳಿಬಿಡುವುದು ವಾಸಿ, ನಮ್ಮ ಗುಡ್ಡದಲ್ಲಿ ಬೋರ್ಡಿನವರಿಗೆ ಹಗ್ಗ ಬೇಡ ಎಂದವನೂ ನಾನೇ. ಅಡಕತ್ತರಿ ಹಗ್ಗ ನಿಮಗೆ ಗೊತ್ತಿರಬೇಕು. ನಮ್ಮದು ಹತ್ತುವವರ ಎಡಕ್ಕೆ ಓಡುತ್ತದೆ. ಅಡ್ಡ ನಿಂತವರಲ್ಲಿ ಹೆಚ್ಚಿನವರು ಅದಕ್ಕೆ ಬೆನ್ನು ಹಾಕುತ್ತಾರೆ. ಬೆನ್ನ ಹಿಂದೆ ಏನಾಗುತ್ತಿದೆ ಅಂತ ಅವರಿಗೆ ಕಾಣುವುದಿಲ್ಲ.

ನನ್ನ ಮಗಳು ಎತ್ತರ, ತೆಳ್ಳಗಿದ್ದಾಳೆ, ಹಟಮಾರಿ. ಇನ್ನೇನು ಬೇಕು ತಿಳಿಸಿ.

ಇತಿ
ಆಲೆಕ್ ಡನೇಜ್


ಲಿಟಲ್ಟನ್
ಜೂನ್ 4, 1993

ಕಿಯಾ ಓರಾ, ನಮಸ್ಕಾರ ಆಲೆಕ್ ಅವರೇ,

ಹಟಮಾರಿ ಅಂದಿರಲ್ಲ, ಅದು ಒಳ್ಳೆಯ ಅಳತೆ. ಹಾಗಾದರೆ ಸ್ವಲ್ಪ ಬಿಗಿಯಾಗಿಯೇ ಮಾಡುತ್ತೇನೆ. ತೂಕ ಮತ್ತು ಬೂಟಿನ ಅಳತೆ ಕಳಿಸಿ.

ಮುಖ್ಯವಾದದ್ದು ಇನ್ನೊಂದಿದೆ. ಅವರು ಯಾವ ಕಾಲು ಮುಂದಿಟ್ಟು ನಿಲ್ಲುತ್ತಾರೆ? ನನ್ನ ಬೋರ್ಡುಗಳ ಎರಡು ಅಂಚು ಒಂದೇ ಸಮ ಇರುವುದಿಲ್ಲ. ಬೆರಳಿನ ಕಡೆಗೆ ಒಂದು ಬಾಗು, ಹಿಮ್ಮಡಿ ಕಡೆಗೆ ಇನ್ನೊಂದು. ಎಡಗಾಲು ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಎಡಗಾಲಿನವರಿಗೆ ಮಾಡಿದ್ದು ಬಲಗಾಲಿನವರಿಗೆ ಆಗಿಬರುವುದಿಲ್ಲ. ತಿರುಗಿಸಿ ಹಾಕೋಣ ಅಂದರೆ ಆಗದು. ದಯವಿಟ್ಟು ಅವರನ್ನೇ ಕೇಳಿಬಿಡಿ. ಬೆರಗಾಗುವುದನ್ನು ಬಣ್ಣದಲ್ಲಿ ಇಟ್ಟುಕೊಳ್ಳೋಣ.

ಹಗ್ಗದ ವಿಷಯ. ನೀವು ಹೆದರಿದ್ದು ತಪ್ಪಲ್ಲ. ಮೆತ್ತನೆ ಬೂಟಿನವರು ಪೂರ್ತಿ ಅಡ್ಡ ನಿಲ್ಲುತ್ತಾರೆ, ಅವರನ್ನು ನಾನೂ ಆ ಹಗ್ಗಕ್ಕೆ ಬಿಡಲಾರೆ. ಗಟ್ಟಿ ಬೂಟಿನ ಕಾರ್ವಿಂಗ್ ಬೋರ್ಡಿನಲ್ಲಿ ಎರಡು ಪಾದವೂ ಓರೆಯಾಗಿ ಮುಂದಕ್ಕೆ ತಿರುಗಿರುತ್ತವೆ. ಮೊಣಕಾಲು, ಸೊಂಟ, ಮುಖ ಎಲ್ಲಾ ಮೇಲಕ್ಕೇ ನೋಡುತ್ತಿರುತ್ತವೆ. ಕತ್ತು ಒಂದಿಷ್ಟು ತಿರುಗಿಸಿದರೆ ಹಗ್ಗವೂ ಗಾಲಿಯೂ ಕಾಣುತ್ತವೆ. ನಿಮ್ಮ ಹಳೆಯ ಸ್ಕೀ ಬೂಟು ಹಾಕಿಕೊಂಡು ಒಮ್ಮೆ ನಿಂತು ನೋಡಿ, ನಾನು ಹೇಳುವುದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ.

ಹೇಮಿ


ಫೇರ್ಲಿ
ಜೂನ್ 12, 1993

ಪ್ರಿಯ ಹೇಮಿ,

ಬಲಗಾಲು.

ಅವಳನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಬೇರೆ ದಾರಿ ಹಿಡಿದೆ. ನಿನ್ನೆ ಸಂಜೆ ಹಳೆಯ ಫೋಟೋ ಸ್ಲೈಡುಗಳ ಪೆಟ್ಟಿಗೆ ತೆಗೆದು, ಗೋಡೆಗೆ ಮಂಚದ ಹೊದಿಕೆ ನೇತುಹಾಕಿ, ಪ್ರೊಜೆಕ್ಟರ್ ಹಚ್ಚಿದೆ. ಒಂದರಲ್ಲಿ ಅವಳಿಗೆ ಒಂಬತ್ತು ವರ್ಷ. ಗುಡ್ಡದ ಕೆಳಗೆ ನಮ್ಮ ಬೆಡ್‌ಫೋರ್ಡ್ ಟ್ರಕ್ಕಿನ ಮುಂದೆ, ಬೇಕರಿಯ ಬ್ರೆಡ್ ಟ್ರೇ ಮೇಲೆ ನಿಂತುಕೊಂಡು ಜಾರುತ್ತಿದ್ದಾಳೆ. ಕೈ ಎರಡೂ ಚಾಚಿ, ನಾಲಗೆ ಹೊರಗೆ ಹಾಕಿ. ಮುಂದಿರುವುದು ಬಲಗಾಲು, ಎಳ್ಳಷ್ಟೂ ಅನುಮಾನವಿಲ್ಲ. ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಹುಟ್ಟಿನಿಂದಲೇ ಬಂದದ್ದು.

ನೋಲೀನ್, ಅಂದರೆ ನನ್ನ ಹೆಂಡತಿ, "ಅವಳನ್ನೇ ಒಂದ್ಮಾತು ಕೇಳೋಕೆ ನಿನಗೇನ್ ಕಷ್ಟ?" ಅಂದಳು. "ಫೋಟೋನೇ ಹೇಳ್ತಿದೆಯಲ್ಲ ಮಾರಾಯ್ತಿ, ಇನ್ನೇನ್ ಕೇಳೋದು" ಅಂದೆ.

ನೀವು ಹೇಳಿದಂತೆ ಸ್ಕೀ ಬೂಟು ಹಾಕಿಕೊಂಡು ಅಡುಗೆಮನೆಯಲ್ಲಿ ಓರೆಯಾಗಿ ನಿಂತೂ ನೋಡಿದೆ. ಒಲೆಯನ್ನೇ ಹಗ್ಗ ಅಂದುಕೊಂಡೆ. ನಿಮ್ಮ ಮಾತು ನಿಜ, ಒಲೆ ಚೆನ್ನಾಗಿಯೇ ಕಾಣುತ್ತದೆ. ಈ ವಾರ ಸಮಿತಿಯವರ ಕಿವಿಗೆ ಹಾಕುತ್ತೇನೆ. ತೂಕ, ಬೂಟಿನ ಅಳತೆ ನೋಲೀನಳಿಂದ ತಿಳಿದು ಜೊತೆಯ ಚೀಟಿಯಲ್ಲಿ ಬರೆದಿದ್ದೇನೆ. ಬೋರ್ಡಿನ ಬಣ್ಣ ಹಳದಿ ಇರಲಿ. ಅವಳ ಕಾರಿನದ್ದು.

ಆಲೆಕ್


ಒಮರೂ
ಜುಲೈ 20, 1993

ಅಪ್ಪಾ,

ಬೋರ್ಡು ಬಂದು ತಲುಪಿತು. ಕೆಲಸ ತುಂಬಾ ಅಚ್ಚುಕಟ್ಟಾಗಿದೆ, ಬಣ್ಣವೂ ಚೆನ್ನಾಗಿದೆ. ನೀನು ಇಷ್ಟೆಲ್ಲಾ ಓಡಾಡಿದ್ದಕ್ಕೆ ವಂದನೆ.

ಈ ತಿಂಗಳು ಶಾಲೆಗಳ ತಪಾಸಣೆ ಇದೆ. ಗುಡ್ಡದ ಕಡೆ ಹೋಗುವುದು ಕಷ್ಟ.

ರೇವಿನ್


ಫೇರ್ಲಿ
ಆಗಸ್ಟ್ 1, 1993

ಪುಟ್ಟಿ,

ನಾನು ಬರೆಯುತ್ತಿರುವುದು ನಿಮ್ಮಪ್ಪನಿಗೆ ಗೊತ್ತಿಲ್ಲ. ಅವನು ಗುಡ್ಡದ ರಸ್ತೆ ತೆಗೆಯಲು ಹೋಗಿದ್ದಾನೆ. ನಿನ್ನೆ ರಾತ್ರಿಯಿಂದ ಚೆನ್ನಾಗಿ ಹಿಮ ಬಿದ್ದಿದೆ.

ನಿನ್ನ ಪತ್ರವನ್ನು ಅವನು ಒಂದು ಸಲ ಓದಿ, ಮಡಚಿ, ಟೀಪಾಯಿಯ ಮೇಲಿಟ್ಟ. "ಚೆನ್ನಾಗಿದೆಯಂತೆ" ಅಂದ. ಆಮೇಲೆ ಸೌದೆ ಶೆಡ್ಡಿಗೆ ಹೋಗಿ ಕತ್ತಲಾಗುವವರೆಗೆ ಸೌದೆ ಒಡೆದ. ಮುಂದಿನ ಚಳಿಗಾಲಕ್ಕೂ ಆಗುವಷ್ಟು ಒಡೆದಿದ್ದಾನೆ. ನೀನು ಯಾವತ್ತೂ ನಿನ್ನ ಪತ್ರಕ್ಕೆ ಪೂರ್ತಿ ಹೆಸರು ಹಾಕಿದವಳಲ್ಲ. "ರೇವಿನ್" ಅಂತ ಬರೆದಿದ್ದಾಗಲೇ ಏನೋ ಕೆಟ್ಟಿದೆ ಅಂತ ನನಗೆ ತಿಳಿಯಿತು.

ಯಾಕೋ ಮನಸ್ಸು ಕೇಳಲಿಲ್ಲ. ನಿನ್ನ ಯಾವ ಕಾಲು ಮುಂದೆ ಅಂತ ಹೇಮಿಗೆ ತಿಳಿಸಲು ಅವನು ಹಾಕಿ ನೋಡಿದ್ದ ಹಳೆಯ ಸ್ಲೈಡು ಪ್ರೊಜೆಕ್ಟರಿನಲ್ಲೇ ಇತ್ತು, ಇನ್ನೊಮ್ಮೆ ಹಚ್ಚಿ ನೋಡಿದೆ. ನೀನು ಬ್ರೆಡ್ ಟ್ರೇ ಮೇಲೆ ಜಾರುತ್ತಿದ್ದೀಯ, ಹಿಂದೆ ಟ್ರಕ್ಕು. ಅದರ ಡ್ರೈವರ್ ಸೀಟಿನಲ್ಲಿ ಕೂತು ಟೀ ಬಗ್ಗಿಸಿಕೊಳ್ಳುತ್ತಿರುವವಳು ನಾನು. ಸ್ಟಿಯರಿಂಗು ನನ್ನ ಮುಂದೆಯೇ ಇದೆ, ಆದರೆ ಟ್ರಕ್ಕಿನ ಎಡಗಡೆಗೆ. ಈ ದೇಶದಲ್ಲಿ ಎಡಗಡೆಗೆ ಸ್ಟಿಯರಿಂಗ್ ಇರುವ ಬೆಡ್‌ಫೋರ್ಡನ್ನು ನೀನೇನಾದರೂ ಕಂಡಿದ್ದೀಯಾ? ನಿಮ್ಮಪ್ಪ ಸ್ಲೈಡನ್ನು ಹಿಂದುಮುಂದಾಗಿ ತೂರಿಸಿದ್ದ, ನಿನ್ನ ಎಡಗಾಲು ಬಲಗಾಲಾಗಿ ಕಂಡಿತ್ತು. ನಂಬರ್ ಪ್ಲೇಟಾದರೂ ತಿರುಗುಮುರುಗಾಗಿ ಕಾಣಬೇಕಿತ್ತು, ಅದರ ತುಂಬ ಕೆಸರು. ಮೂವತ್ತು ವರ್ಷ ಟ್ರಕ್ಕು, ಗ್ರೇಡರ್ ಓಡಿಸಿದವನ ಕಣ್ಣಿಗೆ ಅದು ಬೀಳಲಿಲ್ಲ. ನಿನ್ನ ಕಾಲನ್ನೇ ನೋಡುತ್ತಿದ್ದ, ಪಾಪ.

ಕರೆದು ತೋರಿಸಿದೆ. ಹತ್ತಿರ ಹೋಗಿ ಗೋಡೆಯ ಮೇಲಿನ ಸ್ಟಿಯರಿಂಗಿಗೆ ಬೆರಳಿಟ್ಟ. "ಹಂಗಾದ್ರೆ ಅವಳಿಗೆ ಅದು ಆಗೇ ಇಲ್ಲ" ಅಂದ. "ಈಗ್ಲೇ ಫೋನ್ ಮಾಡು" ಅಂದೆ. "ಫೋನಲ್ಲಿ ಅವಳು ಮಾತಾಡ್ದೆ ಸುಮ್ನಾಗ್ಬಿಟ್ರೆ ನಾನೇನ್ ಮಾಡ್ಲಿ ನೋಲೀನ್?" ಅಂದ. ಈ ಮನುಷ್ಯ ಹಿಮಕುಸಿತಕ್ಕೆ ಹೆದರುವವನಲ್ಲ, ನಿನಗೆ ಗೊತ್ತು.

ಇನ್ನೊಂದು ಮಾತು. ಇದನ್ನು ಹೇಳಬಾರದು ಅಂತಿದ್ದೆ, ಹೇಳದೆ ಇರಲಾರೆ. ಎಲ್ಲಾ ಗುಡ್ಡಗಳಲ್ಲೂ ರಸ್ತೆಯವರು ನಿನ್ನ ಸರಪಳಿಯನ್ನು ಮಾತ್ರ ಎಳೆದು ನೋಡುತ್ತಾರೆ ಅಂತ ಬರೆದಿದ್ದೆಯಲ್ಲ. ಅದನ್ನು ಅವನು ಓದುವಾಗ ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಅವನು ಹಾಳೆಯಿಂದ ಕಣ್ಣೆತ್ತಲಿಲ್ಲ. ರಸ್ತೆಯವರು ಒಬ್ಬರಿಗೊಬ್ಬರು ಗೊತ್ತು ಕಣೇ. ಎರಡು ಚಳಿಗಾಲ, ಪ್ರತಿ ಶನಿವಾರ ಬೆಳಿಗ್ಗೆ ಅವರಿಗೆಲ್ಲ ಫೋನು, "ಹಳದಿ ಡಾಟ್ಸನ್ ಬಂದ್ರೆ ಸರಪಳಿ ಒಂದ್ಸಲ ನೋಡ್ಬಿಡಪ್ಪ" ಅಂತ. ಸಂಜೆ ಮತ್ತೆ ಫೋನು, "ಹಳದಿ ಡಾಟ್ಸನ್ ಇಳೀತಾ?" ಇಳಿಯಿತು ಅಂತ ಕೇಳಿದ ಮೇಲೇ ಅವನು ಊಟಕ್ಕೆ ಏಳುವುದು. ಇಳಿದವಳು ಮನೆ ಮುಟ್ಟಿದಳೋ ಇಲ್ಲವೋ ಅಂತ ಕೇಳಲು ಯಾರೂ ಇಲ್ಲ. ಹಾಗಾಗಿ ಆ ರಾತ್ರಿಗಳಲ್ಲಿ ಅವನಿಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ.

ಅವನಿಗೆ ಕೇಳಲು ಬರುವುದಿಲ್ಲ, ರೇ. ಊರವರನ್ನೆಲ್ಲ ಕೇಳುತ್ತಾನೆ, ನಿನ್ನನ್ನು ಬಿಟ್ಟು. ಅದಕ್ಕೆ ನಿನಗೆ ಸಿಟ್ಟು ಬರುವುದು ನ್ಯಾಯವೇ. ನನಗೂ ಎಷ್ಟೋ ಸಲ ಬಂದಿದೆ. ಆದರೂ ಬರೆದೆ. ಈ ಪತ್ರವನ್ನು ಹರಿದುಹಾಕು.

ಅಮ್ಮ


ಫೇರ್ಲಿ
ಆಗಸ್ಟ್ 4, 1993

ರೇ,

ನಿನ್ನ ಯಾವ ಕಾಲು ಮುಂದೆ?

ಇದನ್ನು ಜೂನ್ ತಿಂಗಳಲ್ಲೇ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ. ನಾನು ಸ್ಲೈಡ್ ನೋಡಿ ತೀರ್ಮಾನ ಮಾಡಿದೆ, ಸ್ಲೈಡು ತಿರುಗಾಮುರುಗಾ ಇತ್ತು. ನಿಮ್ಮಮ್ಮ ಕಂಡುಹಿಡಿದು, ಆವತ್ತಿನಿಂದ ಊಟಕ್ಕೆ ಕೂತಾಗಲೆಲ್ಲ "ಚಮಚ ಯಾವ ಕೈಯಲ್ಲಿದೆ ನೋಡ್ಕೋ" ಅಂತ ಗೋಳು ಹೊಯ್ದುಕೊಳ್ಳುತ್ತಿದ್ದಾಳೆ.

ಸಮಿತಿಯವರೊಂದಿಗೆ ಮಾತಾಡಿದ್ದೇನೆ. ಗಟ್ಟಿ ಬೂಟಿನ ಬೋರ್ಡಿನವರನ್ನು ಹಗ್ಗಕ್ಕೆ ಬಿಟ್ಟು ನೋಡೋಣ ಅಂತ ಒಪ್ಪಿದ್ದಾರೆ. ಆಗಸ್ಟ್ 28, ಶನಿವಾರ ಪರೀಕ್ಷೆ. ಪದ್ಧತಿಯ ಪ್ರಕಾರ ಮೊದಲು ನಾನು ಹತ್ತಬೇಕು. ಇದನ್ನು ಕೇಳಿದ ಮೇಲೆ ಸಮಿತಿಯವರು ಇನ್ನೂ ಬೇಗ ಒಪ್ಪಿದರು. ಆ ದಿನ ಕ್ಯಾಮೆರಾ ತರದವರು ಯಾರೂ ಇರುವುದಿಲ್ಲ ಅನ್ನಿಸುತ್ತದೆ.

ನೀನು ಬರುತ್ತೀಯಾ? ಇದನ್ನೂ ಕೇಳುತ್ತಿದ್ದೇನೆ. ಬರಲಾಗದು ಅಂದರೂ ಸರಿ, ಕಾಲು ಯಾವುದು ಅಂತ ಮಾತ್ರ ತಿಳಿಸು.

ಅಪ್ಪ


ಒಮರೂ
ಆಗಸ್ಟ್ 10, 1993

ಅಪ್ಪಾ,

ಎಡಗಾಲು.

ಬೋರ್ಡು ಬಿಚ್ಚಿದಾಗ ಮೊದಲು ಕುಣಿದಾಡಿದೆ. ಆಮೇಲೆ ಅಂಚು ನೋಡಿದೆ. ತಪ್ಪು ಕಾಲಿಗೆ ಮಾಡಿಸಿದ್ದಕ್ಕಲ್ಲ ಸಂಕಟವಾದದ್ದು. ಈ ಸಲವೂ ನನ್ನನ್ನು ಕೇಳದೆ ನನ್ನ ಬಗ್ಗೆ ತೀರ್ಮಾನ ಮಾಡಿದ್ದೀಯಲ್ಲ ಅಂತ. ಕೂತು ಅತ್ತೆ. ಈಗ ನಿನ್ನ ಪತ್ರ ಬಂದು ಅದೆಲ್ಲ ಕರಗಿಹೋಯಿತು. ಒಂದು ಸಾಲಿನ ಪ್ರಶ್ನೆಗೆ ಇಷ್ಟು ಹಗುರಾಗಬಹುದು ಅಂತ ನನಗೂ ಗೊತ್ತಿರಲಿಲ್ಲ.

ಹಳದಿ ಬೋರ್ಡನ್ನು ಹೇಮಿಗೆ ವಾಪಸ್ ಕಳಿಸುವುದಿಲ್ಲ, ಬರುವಾಗ ತರುತ್ತೇನೆ. ನಮ್ಮ ಮನೆಯಲ್ಲಿ ಬಲಗಾಲು ಮುಂದಿಡುವವರು ಯಾರಾದರೂ ಇದ್ದಾರೋ ನೋಡೋಣ. ಅದಕ್ಕೊಂದು ಉಪಾಯವಿದೆ. ಅಮ್ಮನಿಗೆ ಹೇಳು, ನೀನು ಯಾವುದೋ ಯೋಚನೆಯಲ್ಲಿ ನಿಂತಿರುವಾಗ ಸದ್ದಿಲ್ಲದೆ ಬಂದು ಹಿಂದಿನಿಂದ ಒಂದು ಸಲ ತಳ್ಳಲಿ. ಬೀಳದಿರಲು ಯಾವ ಕಾಲು ತಾನಾಗಿ ಮುಂದೆ ಹೋಗುತ್ತದೋ ಅದೇ ನಿನ್ನ ಕಾಲು. ಅಮ್ಮ ಖುಷಿಯಾಗಿ ಮಾಡುತ್ತಾಳೆ.

28ರ ಶನಿವಾರ ಬರುತ್ತೇನೆ. ಸರಪಳಿ ನಾನೇ ಹಾಕಿಕೊಳ್ಳುತ್ತೇನೆ. ಎಳೆದು ನೋಡಬೇಕು ಅನ್ನಿಸಿದರೆ ಈ ಸಲ ನೀನೇ ಬಂದು ನೋಡು.

ರೇ


ಫೇರ್ಲಿ
ಆಗಸ್ಟ್ 30, 1993

ಪ್ರೀತಿಯ ರೇ,

ಮೈಯಲ್ಲಿ ನೋಯದ ಜಾಗ ಹುಡುಕುತ್ತಿದ್ದೇನೆ. ಬಲಗಿವಿ ನೋಯುತ್ತಿಲ್ಲ. ಉಳಿದದ್ದೆಲ್ಲ ನೋಯುತ್ತಿದೆ.

ನಿಮ್ಮಮ್ಮ ತಳ್ಳಿದ್ದು ಒಂದು ಸಲವಲ್ಲ, ಮೂರು ಸಲ. ಖಾತ್ರಿ ಮಾಡಿಕೊಳ್ಳಲು ಅಂತ ಅವಳ ವಾದ. ಮೂರು ಸಲವೂ ಬಲಗಾಲೇ ಮುಂದೆ ಹೋಯಿತು. ಹಾಗಾಗಿ ಹೇಮಿಯ ಹಳದಿ ಬೋರ್ಡು ನನ್ನದೇ ಆಗಬೇಕಿತ್ತೇನೋ. ನಾನು ಅದರ ಮೇಲೆ ಹಗ್ಗ ಹಿಡಿದು ಹೋದದ್ದನ್ನೂ, ಎರಡು ಸಲ ಮಗುಚಿಕೊಂಡದ್ದನ್ನೂ, ಮೂರನೇ ಸಲ ತುದಿ ಮುಟ್ಟಿದ್ದನ್ನೂ, ಇಳಿಯುವಾಗ ಬೇಲಿಗೆ ನಮಸ್ಕಾರ ಹಾಕಿದ್ದನ್ನೂ ನೀನು ನೋಡಿದ್ದೀಯ. "ಆಲೆಕ್, ಬೇಲಿ ಹೋದ ವಾರ ತಾನೆ ರಿಪೇರಿ ಮಾಡಿದ್ವಿ" ಅಂತ ಕೂಗಿದವನು ನಮ್ಮ ಕಾರ್ಯದರ್ಶಿ. ಅವನ ಪೊಗರು ಇಳಿಸಲು ಮುಂದಿನ ಶ್ರಮದಾನದಲ್ಲಿ ಕಕ್ಕಸು ಗುಂಡಿಯ ಕೆಲಸಕ್ಕೆ ಹಾಕಿದ್ದೇನೆ.

ನೀನು ನೋಡದ ಭಾಗವನ್ನು ಹೇಳುತ್ತೇನೆ. ಬಲಗಾಲು ಮುಂದಿಟ್ಟವನ ಮುಖ ಹಗ್ಗದ ಕಡೆಗಿರುತ್ತದೆ. ನನ್ನ ಪರೀಕ್ಷೆ ಅಂಥ ಪರೀಕ್ಷೆಯೇ ಅಲ್ಲ. ಕಷ್ಟವಿದ್ದದ್ದು ನಿನ್ನದು. ಎರವಲು ಬೋರ್ಡಿನಲ್ಲಿ, ಎಡಗಾಲು ಮುಂದೆ, ಬೆನ್ನು ಹಗ್ಗದ ಕಡೆ. "ಈಗ ನಾನು" ಅಂತ ನೀನು ಅಂದಾಗ ನನ್ನ ಬಾಯಿಗೆ "ಬೇಡ" ಬಂದಿತ್ತು. ಅದನ್ನು ನುಂಗಿ, "ಅಡಕತ್ತರಿ ಗಟ್ಟಿಯಾಗಿದೆಯಾ?" ಅಂತ ಮಾತ್ರ ಕೇಳಿದೆ. ನೀನು "ಹ್ಞೂಂ ಅಪ್ಪ, ಹಗ್ಗ ಬಿಡು" ಅಂದೆ.

ಬಿಟ್ಟೆ. ನಿನ್ನ ಜೊತೆ ಬರಲಾಗದು, ಎಂಜಿನ್ ಮನೆಯ ಮುಂದೆ, ಹಗ್ಗ ನಿಲ್ಲಿಸುವ ಹಿಡಿಯ ಮೇಲೆ ಕೈಯಿಟ್ಟು ನಿಂತೆ. ಒಂದೊಂದು ಗಾಲಿ ದಾಟುವಾಗಲೂ ಕೈ ಬಿಗಿಯುತ್ತಿತ್ತು. ಟಿಮರೂ ಹುಡುಗ ಸಿಕ್ಕಿಕೊಂಡ ಗಾಲಿಯ ಹತ್ತಿರ ನೀನು ಬಂದೆ. ನೀನು ಕತ್ತು ತಿರುಗಿಸಿ, ಗಾಲಿಯನ್ನು ನೋಡಿ, ಭುಜ ಒಂದಿಷ್ಟು ಒಳಕ್ಕೆಳೆದುಕೊಂಡು ದಾಟಿಹೋದೆ. ಅಷ್ಟೇ. ನಾನು ಎರಡು ವರ್ಷ ಹೆದರಿದ್ದು ಅಷ್ಟರಲ್ಲೇ ಮುಗಿದುಹೋಯಿತು. ತುದಿಯಲ್ಲಿ ನೀನು ಕೈ ಬೀಸಿದಾಗ ನಾನು ಬೀಸಲಿಲ್ಲ ಅಂತ ನಿಮ್ಮಮ್ಮನ ಹತ್ತಿರ ದೂರಿದೆಯಂತೆ. ಹಿಡಿಯಿಂದ ಬೆರಳು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು, ಮಗಳೇ.

ಆಮೇಲೆ ನೀನು ಇಳಿದದ್ದನ್ನು ನೋಡಿದೆ. ಬೆಳಿಗ್ಗೆ ನಾವು ಸಮ ಮಾಡಿದ ಹಿಮದ ಮೇಲೆ ಉದ್ದಕ್ಕೂ ತೆಳುವಾಗಿ ಒಂದೇ ಗೆರೆ, ಅತ್ತ ಬಾಗಿ ಇತ್ತ ಬಾಗಿ. ಸಂಜೆ ಎಲ್ಲರೂ ಹೋದ ಮೇಲೂ ಅದು ಅಲ್ಲೇ ಇತ್ತು. ಅದನ್ನು ಅಳಿಸದೆ ಹಾಗೇ ಬಿಟ್ಟು ರಸ್ತೆಗೆ ಇಳಿದೆ.

ಹೇಮಿಗೆ ಬರೆದಿದ್ದೇನೆ. ಎಡಗಾಲಿನವರಿಗೆ ಒಂದು ಬೇಕು, ಉದ್ದ ಗಿಡ್ಡ, ಬಿಗಿ ಸಡಿಲ, ಬಣ್ಣ ಎಲ್ಲಾ ಅವಳೇ ತಿಳಿಸುತ್ತಾಳೆ, ನನ್ನನ್ನು ಏನೂ ಕೇಳಬೇಡಿ ಅಂತ.

ನೀನು ಹೊರಟ ಮೇಲೆ ಒಂದು ಫೋನು ಬಂತು. ಇಷ್ಟು ಬೇಗ ತಲುಪಿಬಿಟ್ಟಳೇ ಅಂತ ಓಡಿಹೋಗಿ ಎತ್ತಿದೆ. ನೀನಲ್ಲ, ಓಮರಾಮಾ ಗುಡ್ಡದ ರಸ್ತೆಯವನು. "ಆಲೆಕ್, ಇವತ್ತು ನೀನೂ ಫೋನ್ ಮಾಡ್ಲಿಲ್ಲ, ಹಳದಿ ಡಾಟ್ಸನ್ನೂ ಬರ್ಲಿಲ್ಲ. ಹುಡುಗಿ ಹುಷಾರಾಗಿದಾಳೆ ತಾನೆ?" ಅಂದ. ಈ ಫೋನಿನ ವ್ಯವಹಾರ ನಿನಗೆ ಗೊತ್ತಾಗಿದೆ ಅಂತ ನನಗೂ ಗೊತ್ತು, ಹಾಗಾಗಿ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. "ಹುಷಾರಾಗಿದಾಳೆ ಕಣಪ್ಪ. ಇವತ್ತು ನಮ್ ಗುಡ್ಡಕ್ಕೆ ಬಂದಿದ್ಲು" ಅಂದೆ. ಆ ಕಡೆ ಅವನು ಜೋರಾಗಿ ನಕ್ಕ. ಆಮೇಲೆ, "ಸರಪಳಿ ನೋಡಿದ್ಯಾ?" ಅಂದ. "ನೋಡ್ದೆ. ನನಗಿಂತ ಚೆನ್ನಾಗಿ ಹಾಕ್ತಾಳೆ" ಅಂದೆ.

ಮನೆ ತಲುಪಿದೆ ಅಂತ ನೀನು ಫೋನ್ ಮಾಡಿದಾಗ ನಾನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆನಂತೆ. ನಿಮ್ಮಮ್ಮ ಎಬ್ಬಿಸಲಿಲ್ಲ.

ನಿನ್ನ ಅಪ್ಪ
ಆಲೆಕ್